ನಾಲ್ಕು ಪಾವು ಬೆಂಡೆಕಾಯಿ

ನಮ್ಮ ಮನೆಯ ಊಟದ ತಾಟುಗಳಲ್ಲಿ ಒಂದರ ಅಂಚಿಗೆ ಪೆನ್ಸಿಲಿನ ಕಪ್ಪು ಹತ್ತಿಕೊಂಡಿದೆ. ಎಷ್ಟು ತಿಕ್ಕಿದರೂ ಹೋಗಿಲ್ಲ. ನಾಲ್ಕನೆಯ ತರಗತಿಯ ಪುಸ್ತಕದಲ್ಲಿ ಭಿನ್ನರಾಶಿಯ ಪಾಠ ಹತ್ತಿರ ಬರುತ್ತಿದ್ದಂತೆ ಪ್ರತಿವರ್ಷವೂ ನಾನು ಆ ತಾಟನ್ನು ಹಳೆಯ ಪತ್ರಿಕೆಗಳ ಮೇಲೆ ಬೋರಲು ಹಾಕಿ, ಸುತ್ತಲೂ ಗೆರೆ ಎಳೆದು, ಕತ್ತರಿ ಹಿಡಿದು ಕಾಗದದ ರೊಟ್ಟಿ ಮಾಡಲು ಕೂಡುತ್ತೇನೆ. ಒಂದು ಇಡೀ ರೊಟ್ಟಿ, ಒಂದು ಎರಡು ಹೋಳಿನದು, ಒಂದು ನಾಲ್ಕರದು, ಒಂದು ಎಂಟರದು. ಬೀದರಿನ ನಮ್ಮ ಪುಟ್ಟ ಪಡಸಾಲೆಯ ತುಂಬ ತುಣುಕುಗಳು ಹರಡಿಕೊಂಡಾಗ ಹೆಂಡತಿ ಶಾರದಾ ಅವುಗಳನ್ನು ದಾಟುತ್ತ, "ಸಾಲ್ಯಾಗ ಲೆಕ್ಕ ಕಲಸ್ತೀರೋ, ರೊಟ್ಟಿ ಬಡಿಯೋದು ಕಲಸ್ತೀರೋ?" ಎಂದು ಕೇಳುವುದೂ ವಾರ್ಷಿಕ ವಿಧಿಯೇ ಆಗಿಬಿಟ್ಟಿದೆ.

ಆಕೆಗೆ ಗೊತ್ತಿಲ್ಲದ್ದು ನನ್ನ ಆತಂಕ. ಹೋಳುಗಳು ಸಮ ಇರಬೇಕಲ್ಲ! ಎಂಟು ಹೋಳುಗಳನ್ನು ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದು ನೋಡುತ್ತೇನೆ. ಒಂದು ಕೂದಲೆಳೆ ಹೊರಗೆ ಚಾಚಿದರೂ ಮತ್ತೆ ಕತ್ತರಿ. ಸರಿಪಡಿಸುತ್ತ ಸರಿಪಡಿಸುತ್ತ ಎಂಟೂ ಹೋಳು ಸೇರಿದರೂ ಮೂಲ ರೊಟ್ಟಿಗಿಂತ ಚಿಕ್ಕದಾಗುವ ರೊಟ್ಟಿ ಹುಟ್ಟುತ್ತದೆ. ಗ್ಯಾಸ್ ಒಲೆಯ ಗುಂಡಿ ಆರಿಸಿದೆನೋ ಇಲ್ಲವೋ ಎಂದು ಬಸ್‌ಸ್ಟ್ಯಾಂಡಿನಿಂದ ಮರಳಿ ಬರುವ ಜಾತಿಯವನು ನಾನು. ಸಮಭಾಗದ ಪಾಠವನ್ನು ಇಂಥವನ ಕೈಗೆ ಕೊಟ್ಟವರನ್ನು ನೀವೇ ವಿಚಾರಿಸಿಕೊಳ್ಳಬೇಕು.

ಆದರೆ ಗೆಳೆಯರೇ, ಈ ಭಿನ್ನರಾಶಿ ಎಂಬುದು ಮಕ್ಕಳ ಪಾಲಿಗೆ ಎಂಥ ಮಾತು ತಪ್ಪಿದ ಪ್ರಾಣಿ ಎಂದು ಯೋಚಿಸಿದ್ದೀರಾ? ಮೂರು ವರ್ಷ ನಾವೇ ಎದೆ ತಟ್ಟಿ ಹೇಳಿರುತ್ತೇವೆ: ನಾಲ್ಕಕ್ಕಿಂತ ಎಂಟು ದೊಡ್ಡದು. ಮಕ್ಕಳು ನಂಬಿರುತ್ತಾರೆ. ನಾಲ್ಕನೆಯ ವರ್ಷ ಅದೇ ಎಂಟನ್ನು ಗೆರೆಯ ಕೆಳಗೆ ಇಳಿಸಿ, ಈಗ ಇದು ಚಿಕ್ಕದು ಎನ್ನುತ್ತೇವೆ. ಮಗು ನಮ್ಮ ಮುಖ ನೋಡುತ್ತದೆ. ಆ ನೋಟದಲ್ಲಿ ಅಜ್ಞಾನವಿರುವುದಿಲ್ಲ, ವಿಶ್ವಾಸಭಂಗವಿರುತ್ತದೆ.

ವಿಚಿತ್ರವೆಂದರೆ ಮಾತಿನಲ್ಲಿ ನಮ್ಮ ಸೀಮೆಯ ಮಕ್ಕಳು ಹುಟ್ಟಾ ಭಿನ್ನರಾಶಿಪಂಡಿತರು. ಪಾವು ಕಿಲೋ, ಸವ್ವಾ ಕಿಲೋ, ದೀಡ ತಾಸು, ಅಡೀಚ ಎಕರೆ: ಕಾಲು, ಒಂದೂಕಾಲು, ಒಂದೂವರೆ, ಎರಡೂವರೆ ಎಲ್ಲವೂ ತೊಟ್ಟಿಲಲ್ಲೇ ಕಿವಿಗೆ ಬಿದ್ದಿರುತ್ತವೆ. ಭಾಲ್ಕಿಯಲ್ಲಿದ್ದ ನನ್ನ ಅಜ್ಜ ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಗಳನ್ನು ಹಲ್ಲು ಬಿದ್ದ ಮೇಲೂ ತಪ್ಪಿಲ್ಲದೆ ಒಪ್ಪಿಸುತ್ತಿದ್ದ. ಅದೇ ಅಜ್ಜ ಕಣದಲ್ಲಿ ಜೋಳ ಅಳೆಯುವಾಗ ಮಾತ್ರ ಮೊದಲ ಅಳತೆಗೆ 'ಒಂದು' ಎನ್ನುತ್ತಿರಲಿಲ್ಲ, 'ಲಾಭ' ಎನ್ನುತ್ತಿದ್ದ. ಆಮೇಲೆ ಎರಡು, ಮೂರು. ಬಾಯಿಪಾಠದಲ್ಲಿ ಅಷ್ಟು ಕರಾರುವಾಕ್ಕಾದ ಮನುಷ್ಯ ಕಣದಲ್ಲಿ ಒಂದನ್ನೇ ನುಂಗಿಬಿಡುವುದೇಕೆ ಎಂದು ಆಗ ನನಗೆ ಅನ್ನಿಸಲಿಲ್ಲ. ಅನ್ನಿಸಿದ್ದು ಇತ್ತೀಚೆಗೆ, ಸಂಗೀತಾ ಎಂಬ ಒಂಬತ್ತು ವರ್ಷದ ಹುಡುಗಿಯ ದೆಸೆಯಿಂದ.

ಸಂತಪುರದ ಆಚೆಗಿನ ಸಣ್ಣ ಊರೊಂದರ ಸರಕಾರಿ ಶಾಲೆ ನನ್ನದು. ದಿನವೂ ಬೀದರಿನಿಂದ ಔರಾದದ ಬಸ್ಸು ಹಿಡಿದು ಹೋಗುತ್ತೇನೆ. ಅಂದು ಕಾಗದದ ರೊಟ್ಟಿಯ ನಾಲ್ಕು ಹೋಳುಗಳನ್ನು ಮೇಜಿನ ಮೇಲೆ ಹರಡಿ, ಒಂದೊಂದೂ ಕಾಲು ಎಂದು ತೋರಿಸಿ, "ಇಂಥ ನಾಲ್ಕು ಪಾವು ಕೂಡಿದ್ರ ಎಷ್ಟಾಗ್ತದ?" ಎಂದು ಕೇಳಿದೆ. ಇಡೀ ತರಗತಿ "ಒಂದ್ರೀ" ಎಂದು ಕೂಗಿತು. ಸಂಗೀತಾ ಒಬ್ಬಳೇ ಎದ್ದುನಿಂತಳು.

"ಒಂದರಕಿಂತ ಜಾಸ್ತಿ ಆಗ್ತದರಿ ಸರ್."

"ಹ್ಯಾಂಗವ್ವ?"

"ಆಗ್ತದರಿ. ನಾ ನೋಡೀನಿ."

ಆಕೆಯ ಮುಖದಲ್ಲಿ ಅಷ್ಟು ಗಂಭೀರ ಖಾತ್ರಿಯಿತ್ತು. ನನಗೆ ನಗೆ ಬಂತು. ಬರೀ ಬಂದಿದ್ದರೆ ನುಂಗಬಹುದಿತ್ತು, ನಕ್ಕೂಬಿಟ್ಟೆ, "ಹಂಗಾರ ನಿಮ್ಮ ಮನ್ಯಾಗ ರೊಟ್ಟಿ ಹರದಷ್ಟೂ ಬೆಳಿತದೇನು?" ಎಂದು ಒಗ್ಗರಣೆಯನ್ನೂ ಹಾಕಿದೆ. ಮೂವತ್ತು ಮಕ್ಕಳು ಬೆಂಚು ಬಡಿದು ನಕ್ಕರು. ಸಂಗೀತಾ ಕೂತಳು. ಆಮೇಲೆ ಏಳಲಿಲ್ಲ. ಅಂದು ಮಾತ್ರವಲ್ಲ, ಮರುದಿನವೂ, ಮುಂದಿನ ವಾರವೂ. ಪ್ರಶ್ನೆ ಕೇಳಿದರೆ ನೆಲ ನೋಡುತ್ತಿದ್ದಳು. ಪಾಟಿಯ ಮೇಲೆ ಪಕ್ಕದವಳ ಉತ್ತರವನ್ನು ಬರೆದಿಡುತ್ತಿದ್ದಳು. ಸರಿ ಉತ್ತರವೇ, ಆದರೆ ಆಕೆಯದಲ್ಲ. ಸಂತೆಯ ದಿನ ಶಾಲೆಗೇ ಬರಲಿಲ್ಲ.

ಮೂವತ್ತು ಮಕ್ಕಳ ತರಗತಿಯಲ್ಲಿ ಒಂದು ಮಗು ಸುಮ್ಮನಾದರೆ ಸದ್ದು ಕಡಿಮೆಯಾಗುವುದಿಲ್ಲ. ಅದೇ ನನ್ನನ್ನು ಹೆದರಿಸಿದ್ದು. ಬಸ್ಸಿನ ಕಿಟಕಿಗೆ ತಲೆ ಆನಿಸಿ ಲೆಕ್ಕ ಹಾಕತೊಡಗಿದೆ: ಇಷ್ಟು ವರ್ಷಗಳಲ್ಲಿ ಹೀಗೆ ನನಗೆ ತಿಳಿಯದಂತೆ ಎಷ್ಟು ಮಕ್ಕಳು ಕೂತುಬಿಟ್ಟಿರಬಹುದು? ಇನ್ನೊಂದು ಪ್ರಶ್ನೆಯೂ ಅದರ ಬಾಲ ಹಿಡಿದು ಬಂತು. "ನಾ ನೋಡೀನಿ" ಎಂದಳಲ್ಲ, ಏನನ್ನು ನೋಡಿದ್ದಳು?

ವಿಚಾರಿಸಿದಾಗ ತಿಳಿದದ್ದು ಇಷ್ಟೇ: ಸಂಗೀತಾಳನ್ನು ಸಾಕುತ್ತಿರುವುದು ಆಕೆಯ ಆಯಿ, ಅಂದರೆ ಅಜ್ಜಿ, ಕಾಶಿಬಾಯಿ; ಆಕೆ ಸಂತಪುರದ ಸಂತೆಯಲ್ಲಿ ಕಾಯಿಪಲ್ಲೆ ಮಾರುತ್ತಾಳೆ. ಮುಂದಿನ ಸಂತೆಯ ದಿನ ಶಾಲೆ ಬಿಟ್ಟ ಮೇಲೆ ನಾನು ಅಲ್ಲಿಗೆ ಹೋದೆ. ಮೊಮ್ಮಗಳನ್ನು ಆಗಷ್ಟೇ ಮನೆಗೆ ಕಳಿಸಿ, ಗೋಣಿತಟ್ಟಿನ ಮೇಲೆ ಬೆಂಡೆಕಾಯಿಯ ಗುಡ್ಡೆ ಮುಂದಿಟ್ಟುಕೊಂಡು ಕೂತಿದ್ದಳು ಆ ಮುದುಕಿ. ನೇರವಾಗಿ ವಿಷಯ ಎತ್ತುವ ಧೈರ್ಯ ನನಗೆಲ್ಲಿಯದು? ಪಾವು ಕಿಲೋ ಬೆಂಡೆಕಾಯಿ ಕೇಳಿದೆ. ಆಕೆ ತಕ್ಕಡಿ ಎತ್ತಿ ತೂಗಿದಳು, ಚೀಲಕ್ಕೆ ಸುರಿದಳು, ಆಮೇಲೆ ನೋಡದೆಯೇ ಗುಡ್ಡೆಯಿಂದ ಎರಡು ಕಾಯಿ ಎತ್ತಿ ಮೇಲೆ ಹಾಕಿ, "ಕೊಸರು" ಎಂದಳು.

ಕೊಸರು! ಹುಟ್ಟಿದಾಗಿನಿಂದ ಪಡೆಯುತ್ತ ಬಂದಿದ್ದೇನೆ. ತೂಕ ಮುಗಿದ ಮೇಲೆ ಮಾರುವವರು ಮೇಲಿಂದ ಹಾಕುವ ಹಿಡಿ, ಚಿಟಿಕೆ, ಎಸಳು. ಕೊಡದಿದ್ದರೆ ಜಗಳವಾಡಿದ್ದೇನೆ. ಆದರೆ ಅಂದು ಆ ಎರಡು ಕಾಯಿ ಚೀಲಕ್ಕೆ ಬಿದ್ದ ಸಣ್ಣ ಸದ್ದಿಗೆ ನನ್ನ ತಲೆಯೊಳಗೆ ಏನೋ ತೆರೆಯಿತು. ಸಂತೆಯನ್ನೊಂದು ಸುತ್ತು ಹಾಕಿ ಬಂದು ಮತ್ತೆ ಪಾವು ಕಿಲೋ ಕೇಳಿದೆ. ಮತ್ತೆ ತೂಕ, ಮತ್ತೆ ಎರಡು ಕಾಯಿ.

"ಯಾಕ್ರಿ ಸಾಹೇಬ್ರೇ, ಮನಿಗಿ ಬೀಗರು ಬಂದಾರೇನ್ರಿ?"

ಮೂರನೆಯ ಸಲ ಹೋದಾಗ ಪಕ್ಕದ ಟೊಮೆಟೊದವನೂ ಕತ್ತು ಚಾಚಿ ನೋಡಿದ. ನಾಲ್ಕನೆಯ ಸಲ ಕಾಶಿಬಾಯಿ ತಕ್ಕಡಿಯನ್ನು ತೊಡೆಯ ಮೇಲೆ ಇಟ್ಟುಕೊಂಡಳು.

"ಒಮ್ಮಿಗೇ ಕಿಲೋ ಒಯ್ದರ ಏನ್ ಆಗ್ತಿತ್ರಿ?"

"ಕಿಲೋ ಒಯ್ದರ ಎಷ್ಟ್ ಸಲ ಕೊಸರು ಕೊಡ್ತಿ ಆಯಿ?"

"ಎಷ್ಟ್ ಸಲ? ಒಂದೇ ಸಲ."

"ಪಾವು ಪಾವು ಒಯ್ದರ?"

ಮುದುಕಿ ನನ್ನನ್ನು ಕೆಳಗಿನಿಂದ ಮೇಲಿನ ತನಕ ಅಳೆದಳು. ಆಮೇಲೆ ಬಾಯಿ ತುಂಬ ನಕ್ಕಳು. "ಅಯ್ಯ! ನಮ್ಮ ಸಂಗೀತಾನ ಸಾಲಿ ಮಾಸ್ತರ್ರು ನೀವೇ ಏನ್ರಿ? ಈ ಲೆಕ್ಕ ಆಕಿ ಹೋದ ವರ್ಷನೇ ಹಿಡದಾಳ್ರಿ. ಬ್ಯಾಡಾ ಆಯಿ, ಕಿಲೋ ಒಯ್ಯೋರಿಗಿ ನಾಕ್ ಸಲ ಕೊಸರು ಕೊಡು, ಇಲ್ಲಾಂದ್ರ ಅವರಿಗಿ ಕಮ್ಮಿ ಆಗ್ತದ ಅಂತಾಳ." ನಗು ಇಳಿಯಿತು. "ಖರೇ ಹೇಳ್ಲಿ ಏನ್ರಿ? ಈಗ ಸಾಲಿಗಿ ಹೋಗಲ್ಲ ಅಂತ ಕುಂತಾಳ. ನಿನ್ ಕೂಡ ಸಂತ್ಯಾಗೇ ಕೂಡ್ತೇನಿ, ಲೆಕ್ಕ ನನಗ ಇಲ್ಲಿ ಬರ್ತದ, ಅಲ್ಲಿ ಬರಲ್ಲ ಅಂತಾಳ. ಕೈಗೆ ಕೈ ಆಗ್ತದ ಅಂತ ನಾನೂ ಸುಮ್ನ ಆಗೀನಿ. ಬರೋ ತಿಂಗಳಿಂದ ಬಿಡಿಸಿಬಿಡ್ಲಿ ಏನ್ರಿ?"

ನನ್ನ ಒಂದು ನಗೆಯ ತೂಕ ಎಷ್ಟೆಂದು ಆಗ ತಿಳಿಯಿತು. "ಬ್ಯಾಡ ಆಯಿ, ನಾಳಿ ಒಂದಿನ ತಪ್ಪದೇ ಕಳಸು" ಎಂದೆ. ಗಣಿತದ ಮೇಷ್ಟ್ರ ಚಟ ಸುಮ್ಮನಿರಲಿಲ್ಲ. ಕೊಸರನ್ನು ಬೇರೆ ತೂಗಿಕೊಡುತ್ತೀಯಾ, ಎಷ್ಟಾಗುತ್ತದೆ ನೋಡೋಣ ಎಂದೂ ಕೇಳಿದೆ.

"ತೂಗಿದ್ರ ಅದು ಕೊಸರು ಹ್ಯಾಂಗ ಆಗ್ತದ್ರಿ?" ಎಂದು ಬೈದಳು ಕಾಶಿಬಾಯಿ.

ಬೀದರಿನ ಬಸ್ಸಿನಲ್ಲಿ ನಾಲ್ಕು ಚೀಲಗಳನ್ನು ತೊಡೆಯ ಮೇಲಿಟ್ಟುಕೊಂಡು ಆ ಮಾತನ್ನೇ ಮೆಲುಕು ಹಾಕಿದೆ. ನಮ್ಮೂರ ಗಾಂಧಿ ಗಂಜ್ ಮಾರುಕಟ್ಟೆಯಲ್ಲಿ ಈಗ ಹಾಸಿಗೆಯಷ್ಟಗಲದ ಯಂತ್ರಗಳು ತೊಗರಿಯನ್ನು ಕೆಂಪು ಅಂಕಿಯಲ್ಲಿ ತೂಗುತ್ತವೆ. ಅವುಗಳಿಗೆ ಕೊಸರು ಗೊತ್ತಿಲ್ಲ. ಗಣಿತವೂ ಅಂಥದೇ ಒಂದು ಅಂಗಡಿ, ಹೆಚ್ಚೂ ಕೊಡದು, ಕಡಿಮೆಯೂ ಕೊಡದು. ಕೊಡಬಾರದು ಕೂಡ, ಕೊಟ್ಟರೆ ಸೇತುವೆಗಳು ಬಿದ್ದಾವು. ಆದರೆ ಮನುಷ್ಯರು ಆ ಅಂಗಡಿಯಲ್ಲಿ ವಾಸಿಸುವುದಿಲ್ಲ. ಅಜ್ಜ ಒಂದರ ಜಾಗದಲ್ಲಿ ಲಾಭ ಎನ್ನುತ್ತಿದ್ದದ್ದು, ಕಾಶಿಬಾಯಿ ತೂಕದ ಮೇಲೆ ಎರಡು ಕಾಯಿ ಹಾಕುವುದು, ಇವೆಲ್ಲ ಲೆಕ್ಕ ಬಾರದವರ ಕೆಲಸವಲ್ಲ. ಲೆಕ್ಕ ಚೆನ್ನಾಗಿ ಬಲ್ಲವರು ಅದರ ಅಂಚಿನಲ್ಲಿ ಬಿಟ್ಟುಕೊಂಡ ಜಾಗ. ಆ ಜಾಗದಲ್ಲಿ ಬೆಳೆದ ಮಗುವಿಗೆ ಅಲ್ಲಿಂದ ಗೆರೆಯೊಳಗೆ ಬರುವ ದಾರಿ ತೋರಿಸದೆ, ಗೆರೆಯೊಳಗೆ ನಿಂತು ನಾನು ನಕ್ಕಿದ್ದೆ. ಸಂಗೀತಾ ತಪ್ಪು ಹೇಳಿರಲಿಲ್ಲ. ನಾನು ಕೇಳದ ಪ್ರಶ್ನೆಗೆ ಸರಿಯಾದ ಉತ್ತರ ಹೇಳಿದ್ದಳು.

ಮನೆಗೆ ಬಂದ ಮೇಲೆ ಹೊಸ ಚಿಂತೆ ಹತ್ತಿತು: ಬೆಳಗಿನೊಳಗೆ ಬೆಂಡೆಕಾಯಿ ಬಾಡಿ ತೂಕ ಇಳಿದರೆ? ಕೊಸರೆಲ್ಲ ಗಾಳಿಗೆ ಹೋದಂತೆಯೇ! ಒದ್ದೆ ಬಟ್ಟೆ ಹೊದಿಸಿದೆ. ನೀರು ಹೀರಿ ತೂಕ ಏರಿದರೆ? ಬಟ್ಟೆ ತೆಗೆದೆ. ಮತ್ತೆ ಹೊದಿಸಿದೆ.

"ಬೆಂಡಿಕಾಯಿಗಿ ಜ್ವರ ಬಂದಾವೇನ್ರಿ?" ಎಂದಳು ಶಾರದಾ. "ಒಂದು ಹಿಡಿ ಕೊಡ್ರಿ ಇತ್ಲಾಗ, ಪಲ್ಯ ಮಾಡ್ತೇನಿ."

ಒಂದು ಕಾಯಿಯನ್ನೂ ಕೊಡಲಿಲ್ಲ.

ಮರುದಿನ ಬಿಸಿಯೂಟದ ಕೋಣೆಯಿಂದ ತಕ್ಕಡಿಯನ್ನೂ ಒಂದು ಕಿಲೋದ ಕಲ್ಲನ್ನೂ ತರಿಸಿ ಮೇಜಿನ ಮೇಲೆ ತೂಗುಬಿಟ್ಟೆ. ಸಂಗೀತಾ ಬಂದಿದ್ದಳು, ಕೊನೆಯ ಸಾಲಿನಲ್ಲಿ ನೆಲ ನೋಡುತ್ತ ಕೂತಿದ್ದಳು. ನಾಲ್ಕು ಚೀಲಗಳನ್ನು ಮೇಜಿನ ಮೇಲೆ ನಾಲ್ಕು ಗುಡ್ಡೆ ಮಾಡಿ, "ಇವು ನಿನ್ನಿ ಸಂತ್ಯಾಗ ತಂದ ನಾಲ್ಕು ಪಾವು. ಕೂಡಿದ್ರ ಎಷ್ಟು?" ಎಂದೆ. ಎಲ್ಲರೂ "ಒಂದ್ರೀ" ಎಂದರು. ಎಲ್ಲವನ್ನೂ ತಕ್ಕಡಿಯ ಒಂದು ತಟ್ಟೆಗೆ, ನಮ್ಮ ಕಡೆಯ ಪರಡಿಗೆ, ಸುರಿದೆ. ಪರಡಿ ದಡಕ್ಕನೆ ಕೆಳಗಿಳಿಯಿತು. ಕಿಲೋದ ಕಲ್ಲು ಮೇಲೆ ತೂಗಾಡಿತು.

"ಅವತ್ತು ಸಂಗೀತಾ ಖರೇ ಹೇಳಿದ್ಳು. ನಾ ತಿಳೀದೇ ನಕ್ಕೆ. ತಪ್ಪು ನಂದು" ಎಂದೆ. ಮಕ್ಕಳೆದುರು ಇದನ್ನು ಹೇಳುವುದು ಅಷ್ಟೇನೂ ಕಷ್ಟವಲ್ಲ ಎಂದು ಬರೆಯುವ ಆಸೆಯಿದೆ, ಬರೆದರೆ ಸುಳ್ಳಾಗುತ್ತದೆ. "ಹಂಗಾರ ಬುಕ್ಕಿನಾಗ ಒಂದು ಅಂತ ಯಾಕ ಬರದಾರ?"

ಕಾದೆ. ಕಾಯುವುದರಲ್ಲಿ ನಾನು ಬಹಳ ದುರ್ಬಲ. ಉತ್ತರವನ್ನು ನಾನೇ ಹೇಳಿಬಿಡುತ್ತೇನೇನೋ ಎಂಬ ಭಯಕ್ಕೆ ಸೀಮೆಸುಣ್ಣ ಕಚ್ಚಿಕೊಂಡೆ. ಆಗ ಕೊನೆಯ ಸಾಲಿನಿಂದ ಸಂಗೀತಾ ಎದ್ದು ಬಂದಳು. ಪರಡಿಯಿಂದ ಒಂದೊಂದಾಗಿ ಎಂಟು ಬೆಂಡೆಕಾಯಿ ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಪರಡಿ ಏರಿತು, ಆದರೆ ಸಮಕ್ಕೆ ಬರಲಿಲ್ಲ. ಒದ್ದೆ ಬಟ್ಟೆಯದೇ ಕೆಲಸ! ಆಕೆ ಮಾತ್ರ ಗಾಬರಿಯಾಗಲಿಲ್ಲ. ಇನ್ನೂ ಒಂದು ಕಾಯಿ ತೆಗೆದಳು.

"ಆಯಿ ತಕ್ಕಡಿ ಜರಾ ಬಾಗಿಸೇ ತೂಗ್ತಾಳ್ರಿ" ಎಂದಳು. ಮುಳ್ಳು ನಡುವೆ ಬಂದು ನಿಂತಿತು. "ಈಗ ಒಂದು ಆತ್ರಿ. ಇವು ಬುಕ್ಕಿನಾಗ ಇಲ್ರಿ. ಇವು ಆಯಿ ಕೊಟ್ಟದ್ದು."

ಎಷ್ಟು ವರ್ಷದಿಂದ ಕಾಗದದ ರೊಟ್ಟಿ ಕತ್ತರಿಸಿದ್ದೇನೋ, ಇಡಿಯೊಂದು ತನ್ನ ಭಾಗಗಳಿಗೆ ಸಮ ಎಂಬುದನ್ನು ನಾನೂ ಅಂದೇ ಕಣ್ಣಾರೆ ಕಂಡೆ ಎನ್ನಿಸುತ್ತದೆ. ಆಕೆ ತನ್ನ ಜಾಗಕ್ಕೆ ಹೋಗುವವಳು ಅರ್ಧ ದಾರಿಯಲ್ಲಿ ತಿರುಗಿ ನಿಂತಳು. ಹೇಳಲೋ ಬೇಡವೋ ಎಂದು ತುಟಿ ಕಚ್ಚಿದಳು.

"ಸರ್, ನೀವು ನಾಕ್ ಸಲ ಬಂದಿದ್ರಂತ. ಆಯಿ ಅಂದ್ಳು, ನಿಮ್ಮ ಮಾಸ್ತರ್ರು ಈಗೀಗ ಶಾಣ್ಯಾ ಆಗಲತ್ತಾರ ಅಂತ."

ಮೂವತ್ತು ಮಕ್ಕಳು ಬೆಂಚು ಬಡಿದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಸಂಗೀತಾ. ನಗು ನಿಲ್ಲುವ ತನಕ ನಾನು ಹಲಗೆಯ ಕಡೆ ತಿರುಗಿ ನಿಂತೆ, ಕಣ್ಣಿಗೆ ಸುಣ್ಣದ ಪುಡಿ ಬಿದ್ದವನಂತೆ. ಆಮೇಲೆ ದೊಡ್ಡ ಅಕ್ಷರದಲ್ಲಿ ಅರ್ಧ ಕೂಡಿಸು ಕಾಲು ಎಂದು ಬರೆದು, ಮಾಡಿರಿ ಎಂದೆ. ಪಾಟಿಗಳು ಮೇಲೆದ್ದವು. ಕೊನೆಯ ಸಾಲಿನಲ್ಲಿ ಒಂದು ಕೈ ಕೂಡ.

"ಸರ್, ಕೊಸರು ಹಿಡದು ಮಾಡ್ಲಿರಿ, ಬಿಟ್ಟು ಮಾಡ್ಲಿರಿ?"

"ಬಿಟ್ಟು ಮಾಡವ್ವ."

"ಹಂಗಾರ ಸಸಾರ ಅದ ಬಿಡ್ರಿ" ಎಂದು ಆಕೆ ಪಾಟಿಯ ಮೇಲೆ ಬಾಗಿದಳು.