ಕಾಕಾಗೆ ಹೇಳದೆ ಬಿಟ್ಟ ಹೊಗೆಯ ಮಾತು

ಲಂಡನ್ನಿನ ಹೌನ್ಸ್ಲೋದ ಆ ರೊಟ್ಟಿ ಶೆಡ್ಡು ನನಗೆ ಇವತ್ತಿಗೂ ಬೇಕು. ಹೊಗೆ ಮಾತ್ರ ಬೇಡ.

ಬಸ್ಸು ಓಡಾಡುವ ರಸ್ತೆಯ ಅಂಚಿಗೇ ಇತ್ತು ಅದು. ನಾವು ಮೂವರು ಹೆಂಗಸರು ಅಲ್ಲಿ ದಿನವಿಡೀ ಜೋಳದ ರೊಟ್ಟಿ ಬಡಿಯುತ್ತಿದ್ದೆವು. ವಿಜಯಪುರದ ಕಡೆಯ ಮಾಲೀಕರು ಅವನ್ನು ವ್ಯಾನಿನಲ್ಲಿ ರೇನರ್ಸ್ ಲೇನ್‌ವರೆಗೂ ಮುಟ್ಟಿಸುತ್ತಿದ್ದರು. ನಮಗೆಲ್ಲ ಅವರು ಕಾಕಾ. ಮನೆಯಲ್ಲಿ ನಾನು ಕನ್ನಡದಲ್ಲಿ ಕೇಳಿದರೆ ಮಗಳು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾಳೆ. ನನ್ನೂರಿನ ಮಾತನ್ನು ಬಾಯ್ತುಂಬ ಆಡಲು ಇಷ್ಟು ದೊಡ್ಡ ಲಂಡನ್ನಿನಲ್ಲಿ ನನಗಿದ್ದದ್ದು ಆ ಶೆಡ್ಡೊಂದೇ.

ಚಳಿ ಬಂತೆಂದರೆ ಕಾಕಾ ಬಾಗಿಲು ಹಾಕಿಕೊಂಡು ಒಳಗೇ ಸಿಗರೇಟು ಹಚ್ಚುತ್ತಿದ್ದರು. ಈ ದೇಶದಲ್ಲಿ ಹಾಗೆ ಮಾಡುವಂತಿಲ್ಲ ಎಂದು ಎಲ್ಲರಿಗೂ ಗೊತ್ತು. ಹೇಳುವವರು ಯಾರು? ದಿನಾ ಮಧ್ಯಾಹ್ನ "ಮೊದಲ ನೀವು ಉಣ್ರವ್ವಾ" ಎಂದು ನಮ್ಮನ್ನು ಕೂರಿಸಿ, ಬಿಸಿ ರೊಟ್ಟಿಗೆ ಬೆಣ್ಣೆ ಹಾಕುವ ಹಿರಿಯರು. ಉಂಡ ಮನೆಗೆ ಎರಡು ಬಗೆಯಬಾರದು ಎಂದು ಕೇಳಿ ಬೆಳೆದವಳು ನಾನು. ಹೊಗೆಗೆ ಹತ್ತಿದ ಕೆಮ್ಮು ಎದೆಗಿಳಿಯಿತು. ಜಿಪಿ ಡಾಕ್ಟರು ಇನ್‌ಹೇಲರ್ ಬರೆದುಕೊಟ್ಟು, ಹೊಗೆಯಿಂದ ದೂರವಿರಿ ಎಂದರು.

"ಮನ್ಯಾಗ ಕೆಲಸ ಭಾಳ ಆಗೇತ್ರಿ ಕಾಕಾ" ಎಂದು ಸುಳ್ಳು ಹೇಳಿ ಕೆಲಸ ಬಿಟ್ಟೆ. ಅವರು ಒಂದು ಡಬ್ಬಿ ಶೇಂಗಾ ಚಟ್ನಿ ಕೊಟ್ಟು ಕಳಿಸಿದರು.

ಸರ್ಕಾರದ ಭತ್ಯೆ ಕೇಳಲು ಹೋದಾಗ ಜಾಬ್‌ಸೆಂಟರಿನ ಹೆಂಗಸಿಗೆ ನಿಜ ಹೇಳಿದೆ. ತಾವಾಗಿ ಕೆಲಸ ಬಿಟ್ಟವರಿಗೆ ತಕ್ಕ ಕಾರಣವಿಲ್ಲದಿದ್ದರೆ ನಿರುದ್ಯೋಗ ಭತ್ಯೆಯನ್ನು ತಡೆಹಿಡಿಯುತ್ತಾರಂತೆ.

"ಹೊಗೆಯ ಬಗ್ಗೆ ಮಾಲೀಕರಿಗೆ ಹೇಳಿದ್ದಿರಾ?" ಎಂದು ಕೇಳಿದಳು.

"ಇಲ್ಲ."

"ಯಾಕೆ?"

ಉಂಡ ಮನೆಯ ಮಾತನ್ನು ನನ್ನ ಇಂಗ್ಲಿಷಿಗೆ ತರುವುದು ಹೇಗೆ? ಕನ್ನಡದಲ್ಲಿ ಹೇಳಿದ್ದರೂ ಅವಳ ತಲೆಗೆ ಹೋಗುತ್ತಿರಲಿಲ್ಲ ಬಿಡಿ. ಕಚೇರಿಯಿಂದ ಕೇಳಿದಾಗ ಮಾಲೀಕರೂ ಮನೆಗೆಲಸದ ಕಾರಣವನ್ನೇ ಹೇಳಿದ್ದಾರೆ, ಅವರಿಂದಲೇ ನಿಜ ಬರೆಸಿ ತನ್ನಿ ಎಂದಳು.

ಬಾಡಿಗೆ ತಲೆಯ ಮೇಲಿತ್ತು. ಮನಸ್ಸು ಗಟ್ಟಿ ಮಾಡಿಕೊಂಡು ಶೆಡ್ಡಿಗೆ ಹೋದೆ. ಕಾಕಾ ಎಲ್ಲವನ್ನೂ ಕೇಳಿದರು. ಕೈಯಲ್ಲಿದ್ದ ಸಿಗರೇಟನ್ನು ಆರಿಸಿದರು.

"ಇಷ್ಟ ಹೇಳಾಕ ಏನಾಗಿತ್ತವ್ವಾ ನಿನಗ? ಹೊರಗ ನಿಂತ ಸೇದ್ತಿದ್ದೆ."

ಬಾಗಿಲು ಮುಚ್ಚಿ ಒಳಗೇ ಸೇದುತ್ತಿದ್ದುದು ನಿಜ, ಈಕೆ ಅದಕ್ಕೇ ಬಿಟ್ಟಳು ಎಂದು ತಾವೇ ಬರೆದು ಸಹಿ ಹಾಕಿದರು. ನಿಮಗೆ ದಂಡ ಬೀಳಬಹುದೆಂದು ನಾನು ಹೇಳಿದ್ದಕ್ಕೆ, "ಬೀಳಲಿ ಬಿಡು" ಎಂದರು. ಅವರ ಬೆನ್ನ ಹಿಂದೆ ರೊಟ್ಟಿ ಬಡಿಯುವ ಸದ್ದು ನಿಂತಿರಲಿಲ್ಲ. ನನಗೆ ತಡೆಯಲಾಗಲಿಲ್ಲ. "ತಿರುಗಿ ಬರಲೇನ್ರಿ?" ಎಂದು ಕೇಳಿಯೇಬಿಟ್ಟೆ.

"ನಿನ್ನ ಜಾಗಾಕ್ಕ ಒಬ್ಬಾಕಿನ್ನ ತಗೊಂಡೀನವ್ವಾ. ಆಕಿನ್ನ ಹ್ಯಾಂಗ ಬಿಡಸ್ಲಿ?"

ಭತ್ಯೆ ಬಂತು. ಮೊನ್ನೆ ಬಸ್ಸಿನ ಕಿಟಕಿಯಿಂದ ನೋಡಿದೆ. ಕೊರೆಯುವ ಚಳಿಯಲ್ಲಿ ಕಾಕಾ ಮಫ್ಲರ್ ಸುತ್ತಿಕೊಂಡು, ಶೆಡ್ಡಿನ ಹೊರಗೆ ಸಿಗರೇಟು ಹಿಡಿದು ನಿಂತಿದ್ದರು. ಒಳಗೆ ದೀಪ ಹತ್ತಿತ್ತು. ನನ್ನ ಜಾಗದಲ್ಲಿ ಕೂತವಳ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು.