ಕಡಿಮೆ ಅಂಕದ ಮನೆ

ಸಂಸ್ಥೆಯಲ್ಲಿ ಎಲ್ಲರೂ ಆಕೆಯನ್ನು ಮೂಲೆ ಮೇಡಂ ಎಂದೇ ಕರೆಯುತ್ತಿದ್ದರು. ಎದುರಿಗೇ ಕರೆದರೂ ಆಕೆಗೆ ಬೇಜಾರಿರಲಿಲ್ಲ, ಕೆಲಸವೇ ಹಾಗಿತ್ತು. ದುಡಿಯುವ ತಾಯಂದಿರು ಮಕ್ಕಳನ್ನು ಬಿಟ್ಟುಹೋಗುವ ಕೇಂದ್ರಗಳು ಎಷ್ಟರಮಟ್ಟಿಗೆ ಚೆನ್ನಾಗಿವೆ ಎಂದು ಅಧ್ಯಯನ ಮಾಡುವ ಸಂಸ್ಥೆ ಅದು. ಬೆಳಿಗ್ಗೆ ಒಂದು ಕೇಂದ್ರಕ್ಕೆ ಹೋಗಿ, ಕೋಣೆಯ ಮೂಲೆಯಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಮಧ್ಯಾಹ್ನ ಮಕ್ಕಳು ಮಲಗುವವರೆಗೂ ನೋಡುತ್ತಲೇ ಇರಬೇಕು. ಅತ್ತ ಮಗುವನ್ನು ಯಾರಾದರೂ ಎತ್ತಿಕೊಂಡರೋ ಇಲ್ಲವೋ, ಎತ್ತಿಕೊಂಡವರು ಮಾತಾಡಿಸಿದರೋ ಬರೀ ಸೊಂಟದ ಮೇಲೆ ಕೂರಿಸಿಕೊಂಡರೋ, ಆಟದ ಸಾಮಾನು ಮಕ್ಕಳ ಕೈಗೆ ಸಿಗುವಂತಿದೆಯೋ ಮೇಲಿನ ಶೆಲ್ಫಿನಲ್ಲಿ ಧೂಳು ತಿನ್ನುತ್ತಿದೆಯೋ, ಎಲ್ಲಕ್ಕೂ ಅಂಕ ಕೊಡಬೇಕು. ತಾನು ಮಾತ್ರ ಮಗುವನ್ನು ಮುಟ್ಟುವಂತಿಲ್ಲ, ಮಾತಾಡಿಸುವಂತಿಲ್ಲ, ನೋಡಿ ನಗುವಂತೆಯೂ ಇಲ್ಲ. ನೋಡುವವರು ಕೈ ಹಾಕಿದರೆ ನೋಡಿದ್ದು ಕೆಡುತ್ತದೆ ಎನ್ನುವುದು ಆ ಕೆಲಸದ ನಿಯಮ.

ಮನೆಯಲ್ಲಿ ತಾಯಿ ಮಗಳು ಇಬ್ಬರೇ. ಸುಮ್ಮನೆ ಕೂತಿರುವುದಕ್ಕೆ ಸಂಬಳ ಕೊಡುತ್ತಾರೆ ಎನ್ನುವುದು ಅಮ್ಮನಿಗೆ ದೊಡ್ಡ ತಮಾಷೆ. ಮನೆಯಲ್ಲೂ ಒಂದಿಷ್ಟು ಆ ಕೆಲಸ ಮಾಡಿದರೆ ನನಗೆ ನೆಮ್ಮದಿ ಎಂದು ಮಗಳನ್ನು ಕಿಚಾಯಿಸುತ್ತಿದ್ದಳು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ದುಡಿದು ದುಡಿದು ಅಮ್ಮನ ಮಂಡಿ ಸವೆದಿತ್ತು, ಬಾಯಿ ಮಾತ್ರ ಗಟ್ಟಿ. ಮಗಳು ಮೊದಲು ಶಿಶುವಿಹಾರದಲ್ಲಿ ಟೀಚರ್ ಆಗಿದ್ದವಳು. ಅದು ಮುಚ್ಚಿದಾಗ ಇಲ್ಲಿ ಸೇರಿದಳು. ಮೊದಮೊದಲು ಮಗು ಅತ್ತಾಗ ಕೈ ತನ್ನಷ್ಟಕ್ಕೆ ತಾನೇ ಮುಂದೆ ಹೋಗುತ್ತಿತ್ತು, ಅದನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂತದ್ದೂ ಉಂಟು. ಆಮೇಲೆ ಅಭ್ಯಾಸವಾಯಿತು.

ಹೊಲಿಗೆ ಕಾರ್ಖಾನೆಯ ಹಿಂದಿನ ಓಣಿಯಲ್ಲಿ ದೊಡ್ಡಮ್ಮನ ಕೇಂದ್ರವಿತ್ತು. ಕೇಂದ್ರವೆಂದರೆ ಆಕೆಯ ಮನೆಯೇ. ಮಕ್ಕಳಿಗೂ ತಾಯಂದಿರಿಗೂ ಇಡೀ ಓಣಿಗೂ ಆಕೆ ದೊಡ್ಡಮ್ಮ. ಎರಡು ಕೋಣೆ, ಒಂದೇ ಕಿಟಕಿ. ನೆಲಕ್ಕೆ ಪ್ಲಾಸ್ಟಿಕ್ ಹಾಸು. ಟೀವಿ ಬೆಳಿಗ್ಗೆಯಿಂದ ಸಂಜೆತನಕ ತನ್ನ ಪಾಡಿಗೆ ತಾನು ಅರಚುತ್ತಿತ್ತು. ಕೋಣೆ ತುಂಬ ಮಕ್ಕಳು. ನೋಡಿಕೊಳ್ಳುವವರು ದೊಡ್ಡಮ್ಮ ಮತ್ತು ಕಿವಿ ಮಂದವಾದ ಆಕೆಯ ನಾದಿನಿ. ಒಂದನ್ನು ತೊಳೆದು ಒರೆಸುವಷ್ಟರಲ್ಲಿ ಇನ್ನೊಂದು ಒದ್ದೆ, ಅದನ್ನು ಬದಲಾಯಿಸುವಷ್ಟರಲ್ಲಿ ಮೂರನೆಯದು ನಾಲ್ಕನೆಯದರ ಕೂದಲು ಹಿಡಿದಿರುತ್ತಿತ್ತು. ಕೂತು ಮಾತಾಡಿಸುವುದಕ್ಕೆ ಪುರಸೊತ್ತೆಲ್ಲಿ? ಆದರೆ ಯಾವ ಮಗುವೂ ಹಸಿದಿರಲಿಲ್ಲ. ಯಾವ ಮೂಗೂ ಸೋರುತ್ತಿರಲಿಲ್ಲ. ಬಾಗಿಲಿನ ಚಿಲಕ ಮಕ್ಕಳ ಕೈಗೆಟುಕದ ಎತ್ತರದಲ್ಲಿತ್ತು.

ಅಲ್ಲಿ ಬಟನ್ ಇದ್ದಳು. ಅವಳಮ್ಮ ಕಾರ್ಖಾನೆಯಲ್ಲಿ ಅಂಗಿಗೆ ಗುಂಡಿ ಹಾಕುವ ಮಿಶಿನ್ನಿಗೆ ಕೂರುತ್ತಿದ್ದುದರಿಂದ ಆ ಹೆಸರು ಬಿದ್ದಿತ್ತು. ಎರಡು ವರ್ಷ ತುಂಬಿತ್ತಷ್ಟೆ. ಕಂಡದ್ದನ್ನೆಲ್ಲ ಎತ್ತಿ ಹಿಡಿದು "ಇದೇನು?" ಎಂದು ಕೇಳುವ ಹುಚ್ಚು. ಮೇಡಂ ಮೂಲೆಯಲ್ಲಿ ಕೂತ ದಿನ ಒಂದು ಹಳೇ ಚಪ್ಪಲಿ ತಂದು ಅವಳ ಮೊಣಕಾಲ ಮೇಲಿಟ್ಟು, ಇದೇನು ಎಂದಳು. ಮೇಡಂ ಗೋಡೆ ನೋಡಿದಳು. ಮಗು ಚಪ್ಪಲಿಯನ್ನು ಇನ್ನಷ್ಟು ಮೇಲಕ್ಕೆತ್ತಿ ಮತ್ತೆ ಕೇಳಿತು. ಕೊನೆಗೆ ದೊಡ್ಡಮ್ಮ ಒಲೆಯ ಕಡೆಯಿಂದಲೇ, "ಚಪ್ಪಲಿ ಕಣೇ, ಬಿಸಾಕದನ್ನ" ಎಂದಳು. ಮಕ್ಕಳ ಜೊತೆ ಮಾತುಕತೆ ಎನ್ನುವ ಕಡೆ ಮೇಡಂ ಬರೆದುಕೊಳ್ಳಲು ಆ ಬೆಳಿಗ್ಗೆ ಸಿಕ್ಕಿದ್ದು ಹೆಚ್ಚುಕಡಿಮೆ ಅಷ್ಟೇ.

ಅಂಕ ತೀರಾ ಕಡಿಮೆ ಬಂತು. ಮೇಡಂ ಅನ್ಯಾಯವೇನೂ ಮಾಡಲಿಲ್ಲ, ಕಂಡದ್ದನ್ನು ಕಂಡಹಾಗೆ ಬರೆದಳು. ಹೊರಡುವಾಗ ದೊಡ್ಡಮ್ಮ ಟೀ ಲೋಟ ಮುಂದೆ ಹಿಡಿದು, "ನಮಗೇನಾದ್ರೂ ಒಳ್ಳೇದಾಗುತ್ತಾ ಮೇಡಂ?" ಎಂದು ಕೇಳಿದಳು. ಉತ್ತರ ಹೇಳುವ ಹಾಗಿರಲಿಲ್ಲ. ಆದರೂ ಮೇಡಂ ಹೇಳಿದಳು.

"ಆಗುತ್ತೆ. ಕಡಿಮೆ ಇರೋ ಕಡೆಗೇ ಮೊದಲು ಸಹಾಯ ಬರೋದು."

ಆಕೆ ಅದನ್ನು ನಂಬಿದ್ದಳು. ಅಧ್ಯಯನದ ಹೊಣೆ ಹೊತ್ತಿದ್ದ ಸರ್ ವರದಿಯಲ್ಲಿ ಹಾಗೆಯೇ ಬರೆದಿದ್ದರು. ಕಡಿಮೆ ಅಂಕದ ಕೇಂದ್ರಗಳಲ್ಲಿ ಮಕ್ಕಳ ಬೆಳವಣಿಗೆ ಕುಂಠಿತವಾಗುತ್ತದೆ, ಅಲ್ಲಿಗೆ ಇನ್ನೂ ಕೈಗಳು ಬೇಕು, ತರಬೇತಿ ಬೇಕು, ಜಾಗ ಬೇಕು ಎಂದು. ವರದಿ ತರಿಸಿಕೊಂಡ ಸರ್ಕಾರಿ ಇಲಾಖೆ ಆ ವಾಕ್ಯದ ಮೊದಲ ಅರ್ಧ ಮಾತ್ರ ಓದಿತು. ಇಂತಿಷ್ಟಕ್ಕಿಂತ ಕಡಿಮೆ ಅಂಕ ಬಂದ ಕೇಂದ್ರಗಳನ್ನು ಮಕ್ಕಳ ಹಿತದೃಷ್ಟಿಯಿಂದ ಮುಚ್ಚತಕ್ಕದ್ದು ಎಂದು ಆದೇಶ ಹೊರಬಿತ್ತು.

ಸುದ್ದಿ ಕೇಳಿದ ಕೂಡಲೇ ಮೇಡಂ ಓಣಿಗೆ ಓಡಿದಳು. ದೊಡ್ಡಮ್ಮನ ಬಾಗಿಲಿಗೆ ಚೀಟಿ ಅಂಟಿಸಿದ್ದರು. ದೊಡ್ಡಮ್ಮ ಒಳಗೆ ಆ ಪ್ಲಾಸ್ಟಿಕ್ ಹಾಸನ್ನು ಸುತ್ತುತ್ತಿದ್ದಳು. ಬೈಯಲಿಲ್ಲ, ಅಳಲಿಲ್ಲ. "ಸಹಾಯ ಬಂತು ನೋಡಿ ಮೇಡಂ" ಎಂದಳು ಅಷ್ಟೇ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು.

ಆಮೇಲಿನ ದಿನಗಳಲ್ಲಿ ಮೇಡಂ ಕಾಲಿಗೆ ಚಕ್ರ ಕಟ್ಟಿಕೊಂಡವಳಂತೆ ತಿರುಗಿದಳು. ಸರ್ ಬಳಿ ಹೋದಳು. ಅವರು ಕೆಟ್ಟವರಲ್ಲ, ಅವರ ಮುಖವೂ ಇಳಿದುಹೋಗಿತ್ತು. ಇಲಾಖೆಗೆ ಬರೆದಿದ್ದೇನೆ, ಮತ್ತೆ ಬರೆಯುತ್ತೇನೆ ಎಂದರು. ಅಂಕ ತಿದ್ದುವುದಕ್ಕಾಗುತ್ತದೆಯೇ ಎಂದು ಆಕೆ ಕೇಳಿದಾಗ ಮಾತ್ರ, ಅದೊಂದು ಕೇಳಬೇಡಮ್ಮ ಎಂದು ಕಣ್ಣು ತಪ್ಪಿಸಿದರು. ಇಲಾಖೆಯ ಅಧಿಕಾರಿಣಿಯ ಎದುರು ನಿಂತರೆ ಆಕೆ ನಿಜವಾಗಿಯೂ ಅರ್ಥವಾಗದವಳ ಹಾಗೆ ಕೇಳಿದಳು: "ಚೆನ್ನಾಗಿಲ್ಲ ಅಂತ ಹೇಳಿದೋರು ನೀವೇ ಅಲ್ವಾ? ಮಕ್ಕಳನ್ನ ಅಂಥ ಕಡೆ ಇಡಿ ಅಂತ ಈಗ ನೀವೇ ಹೇಳ್ತಿದ್ದೀರಾ?" ಮಕ್ಕಳು ಎಲ್ಲಿಗೆ ಹೋಗಬೇಕು ಎಂದರೆ, ಒಳ್ಳೆಯ ಕೇಂದ್ರಗಳಿವೆಯಲ್ಲ ಎಂದಳು. ಇದ್ದವು. ಎರಡು ಬಸ್ಸು ಬದಲಾಯಿಸಿ ಹೋಗಬೇಕು, ಹೋದರೂ ಬಾಗಿಲು ತೆಗೆಯುವ ಹೊತ್ತಿಗೆ ಹೊಲಿಗೆ ಕಾರ್ಖಾನೆಯ ಗೇಟು ಮುಚ್ಚಿರುತ್ತದೆ. ಗೋಡೆಗೆ ತಲೆ ಚಚ್ಚಿಕೊಂಡ ಹಾಗಾಯಿತು.

ಕೊನೆಗೆ ಮಕ್ಕಳು ಎಲ್ಲಿದ್ದಾರೆ ಎಂದಾದರೂ ನೋಡೋಣವೆಂದು ಹೊರಟಳು. ಒಂದು ಮಗು ತರಕಾರಿ ಮಂಡಿಯಲ್ಲಿ ಅಜ್ಜಿಯ ಮೂಟೆಗಳ ನಡುವೆ ಇತ್ತು. ಅವಳಿ ಮಕ್ಕಳನ್ನು ಅವರ ಏಳು ವರ್ಷದ ಅಕ್ಕ ನೋಡಿಕೊಳ್ಳುತ್ತಿದ್ದಳು, ಅವಳ ಶಾಲೆ ಅಲ್ಲಿಗೆ ನಿಂತಿತ್ತು. ಬಟನ್‌ಳ ಮನೆ ವಠಾರವೊಂದರ ಹಿಂಭಾಗದಲ್ಲಿತ್ತು. ಬಾಗಿಲಿಗೆ ಬೀಗ. ಇನ್ನೇನು ಹಿಂತಿರುಗಬೇಕು, ಬಾಗಿಲ ಪಕ್ಕದ ಕಿಟಕಿಯ ಸರಳು ಹಿಡಿದ ಪುಟ್ಟ ಬೆರಳುಗಳು ಕಂಡವು.

ಬಟನ್ ಅಳುತ್ತಿರಲಿಲ್ಲ. ಅವಳ ಹಿಂದೆ ನೆಲದ ಮೇಲೆ ಬ್ರೆಡ್ಡಿನ ಚೂರು, ಮುಚ್ಚಳ ಹಾಕಿದ ಹಾಲಿನ ಬಾಟಲಿ, ಒದ್ದೆಯಾದ ಹಾಸಿಗೆ. ಮೇಡಂ ಕಿಟಕಿಯ ಕೆಳಗೆ ಕೂತು ಮಾತಾಡಿಸಿದಳು. ಇಷ್ಟು ದಿನ ನುಂಗಿಕೊಂಡದ್ದೆಲ್ಲ ಒಮ್ಮೆಗೇ ಬಾಯಿಗೆ ಬಂತು. ಕೈಚೀಲದಲ್ಲಿದ್ದ ಬಾಚಣಿಗೆ, ಕೀ, ಪೆನ್ನು ಒಂದೊಂದನ್ನೇ ತೆಗೆದು ತೋರಿಸಿ, ಇದೇನು ಹೇಳು, ಇದೇನು ಹೇಳು ಎಂದಳು. ಮಗು ವಸ್ತುಗಳನ್ನು ನೋಡಿತು, ಆಕೆಯ ಮುಖ ನೋಡಿತು, ಬಾಯಿ ಬಿಡಲಿಲ್ಲ.

ಸಂಜೆ ಬಟನ್‌ಳ ತಾಯಿ ಬಂದಳು. ದೊಡ್ಡಮ್ಮನ ಮನೆಯ ಮೂಲೆಯಲ್ಲಿ ಕಂಡಿದ್ದವಳೇ ಕಿಟಕಿಯ ಕೆಳಗೆ ಕೂತಿರುವುದನ್ನು ಕಂಡು ಅವಳ ಕಾಲು ಅಲ್ಲಿಗೇ ನಿಂತುಬಿಟ್ಟಿತು. ಆಮೇಲೆ ಬೀಗ ತೆಗೆದು, ಮಗುವನ್ನು ಎತ್ತಿಕೊಂಡು, ಹಾಸಿಗೆ ಎತ್ತಿ ಹಾಕುತ್ತ, ಬೆನ್ನು ತಿರುಗಿಸಿಕೊಂಡೇ ಮಾತಾಡಿದಳು.

"ಇದಕ್ಕೆಷ್ಟು ಅಂಕ ಕೊಡ್ತೀರಿ ಮೇಡಂ?"

ಆ ತಾಯಿಯೇ ಮುಂದುವರಿಸಿದಳು. ಗಂಡ ಕೆಲಸಕ್ಕೆಂದು ಬೇರೆ ಊರಿಗೆ ಹೋದವನು ಫೋನೂ ಎತ್ತುತ್ತಿಲ್ಲ. ರಜೆ ಹಾಕಿದರೆ ಮಿಶಿನ್ನಿಗೆ ಬೇರೆಯವರು ಬಂದು ಕೂರುತ್ತಾರೆ. ಮೊದಲ ದಿನ ಬೀಗ ಹಾಕಿ ಹೋದಾಗ ಮಗು ಅತ್ತದ್ದು ಓಣಿಯ ಕೊನೆತನಕ ಕೇಳಿಸಿತು. "ಈಗ ಅಳಲ್ಲ. ಅದೇ ನಂಗೆ ಭಯ ಅಕ್ಕ" ಎಂದಳು. ಮೇಡಂ ಹೋಗಿ ಅಕ್ಕ ಬಂದದ್ದು ಅವಳಿಗೇ ಗೊತ್ತಾಗಲಿಲ್ಲ.

ಮನೆಗೆ ಬಂದು ಮೇಡಂ ಎಲ್ಲವನ್ನೂ ಅಮ್ಮನಿಗೆ ಹೇಳಿದಳು. ಬೀಗ ಹಾಕಿ ಹೋಗುವ ಮನಸ್ಸಾದರೂ ಹೇಗೆ ಬರುತ್ತದೆ ಎಂದಳು. ಅಮ್ಮ ಲೋಟ ತೊಳೆದಳು, ತೊಳೆದದ್ದನ್ನೇ ಇನ್ನೊಮ್ಮೆ ತೊಳೆದಳು.

"ಬರುತ್ತೆ" ಎಂದಳು ಕೊನೆಗೆ. "ನಿನ್ನ ಕಾಲಿಗೆ ಬೆಡ್‌ಶೀಟ್ ತುಂಡು ಕಟ್ಟಿ, ಮಂಚಕ್ಕೆ ಗಂಟು ಹಾಕಿ ಹೋಗ್ತಿದ್ದೆ. ನಿಂಗೆ ನೆನಪಿಲ್ಲ. ನೆನಪಿರಬಾರ್ದು ಅಂತಲೇ ಹೇಳಿರಲಿಲ್ಲ."

ಮರುದಿನ ಬೆಳಿಗ್ಗೆ ಎದ್ದಾಗ ಅಮ್ಮನೇ ಹೇಳಿದಳು, ಆ ಮಗುವನ್ನು ಇಲ್ಲಿಗೆ ಕರೆದುಕೊಂಡು ಬಾ, ನನ್ನ ಮಂಡಿಗೆ ಬೇರೇನು ಕೆಲಸ ಎಂದು.

ಬಟನ್ ಬಂದಳು. ಅಮ್ಮ ಹಗಲೆಲ್ಲ ಅವಳೊಡನೆ ವಟವಟ ಅನ್ನುತ್ತಿದ್ದಳು. ಮಗು ಸುಮ್ಮನೆ ಅಮ್ಮನ ಹಿಂದೆ ಹಿಂದೆ ನಡೆಯುತ್ತಿತ್ತು. ಕೆಲವು ದಿನಗಳಾದ ಮೇಲೆ "ಬೇಡ" ಎಂದಿತು. ಮಾತೆಂದರೆ ಅದೊಂದೇ. ಆದರೂ ಮಗಳು ಬಾಗಿಲಲ್ಲಿ ಚಪ್ಪಲಿ ಬಿಡುವ ಮೊದಲೇ ಅಮ್ಮ ಕುಂಟುತ್ತ ಬಂದು ಹೇಳಿದಳು, ಲಾಟರಿ ಹೊಡೆದವಳ ಹಾಗೆ.

ಅಷ್ಟರಲ್ಲಿ ಸುದ್ದಿ ಕಾರ್ಖಾನೆಯೊಳಗೆ ಹಬ್ಬಿತ್ತು. ಶಿಫ್ಟಿಗೆ ಮುಂಚೆ ತಾಯಂದಿರು ಕಂಕುಳಲ್ಲಿ ಮಗುವನ್ನಿಟ್ಟುಕೊಂಡು ಬಂದು ಬಾಗಿಲಲ್ಲಿ ನಿಲ್ಲತೊಡಗಿದರು. ಒಬ್ಬಳು ಕೂಸಿನ ಬಟ್ಟೆಗಂಟನ್ನು ಹೊಸ್ತಿಲೊಳಗೆ ಇಟ್ಟೇಬಿಟ್ಟಿದ್ದಳು, ಒಳಗಿಟ್ಟ ಮೇಲೆ ಹೊರಗೆ ಹಾಕುವುದಿಲ್ಲವೆನ್ನುವ ಧೈರ್ಯದ ಮೇಲೆ. ಮೇಡಂ ಅದನ್ನು ಎತ್ತಿ ಅವಳ ಕೈಗೆ ವಾಪಸ್ಸು ಕೊಟ್ಟಳು. ಅಮ್ಮನಿಗೆ ಆಗುವುದಿಲ್ಲ, ಒಬ್ಬಳೇ ಇಷ್ಟು ಮಕ್ಕಳನ್ನು ನೋಡಿಕೊಳ್ಳುವುದು ಸರಿಯಲ್ಲ ಎಂದು ವಿವರಿಸಿದಳು. ಹೇಳುತ್ತ ಹೇಳುತ್ತ ತನ್ನ ಬಾಯಿಂದ ಬರುತ್ತಿರುವುದು ಇಲಾಖೆಯ ಮಾತೇ ಎಂದು ಹೊಳೆದು, ಅರ್ಧಕ್ಕೇ ನಿಲ್ಲಿಸಿ ಬಾಗಿಲು ಮುಂದೆ ಮಾಡಿದಳು. ಹೊರಗೆ ನಿಂತವರು ಬಡಿಯಲಿಲ್ಲ. ಸ್ವಲ್ಪ ಹೊತ್ತು ನಿಂತಿದ್ದು ಹೋದರು.

ಅಮ್ಮ ಬಿದ್ದದ್ದು ಬಚ್ಚಲಿನ ಬಾಗಿಲಲ್ಲಿ. ಬಟನ್‌ಳ ಕೈ ತೊಳೆಸಲು ಎತ್ತಿಕೊಂಡವಳಿಗೆ ಮಂಡಿ ಕೈಕೊಟ್ಟಿತ್ತು. ಮಗು ಕೆಳಗಾಗದ ಹಾಗೆ ತಾನು ಪಕ್ಕಕ್ಕೆ ಬಿದ್ದಿದ್ದಳು, ಸೊಂಟದ ಮೂಳೆ ಮುರಿದಿತ್ತು. ಮೇಡಂ ಕೆಲಸ ಮುಗಿಸಿ ಬಂದಾಗ ಅಮ್ಮ ಒದ್ದೆ ನೆಲದ ಮೇಲೆ ನಡುಗುತ್ತಿದ್ದಳು. ಬಟನ್ ಅಮ್ಮನ ಬೆರಳು ಹಿಡಿದುಕೊಂಡು ಪಕ್ಕದಲ್ಲಿ ಕೂತಿದ್ದಳು. ಕೂಗಿರಲಿಲ್ಲ, ಅತ್ತಿರಲಿಲ್ಲ. ಸುಮ್ಮನಿರುವುದನ್ನು ಅವಳು ಆ ಕಿಟಕಿಯ ಹಿಂದೆ ಕಲಿತಿದ್ದಳು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಬಟನ್‌ಳ ತಾಯಿ ಮಗುವನ್ನು ಎತ್ತಿಕೊಂಡು ನಿಂತಳು. ಗಂಡನ ಚಿಕ್ಕಮ್ಮನೊಬ್ಬಳು ದೂರದ ಊರಿನಲ್ಲಿದ್ದಾಳೆ, ಅಲ್ಲಿ ಬಿಟ್ಟುಬರುತ್ತೇನೆ ಎಂದಳು. ಮಗು ಅವಳನ್ನು ನೋಡಿದೆಯೇ ಎಂದು ಮೇಡಂ ಕೇಳಿದಳು. ನಾನೇ ಒಮ್ಮೆ ನೋಡಿದ್ದು ಎಂದಳು ತಾಯಿ. ಇನ್ನೂ ಒಂದು ವಾರ ತಡಿ, ಏನಾದರೂ ಮಾಡುತ್ತೇನೆ ಎಂದು ಮೇಡಂ ಅವಳ ತೋಳು ಹಿಡಿದುಕೊಂಡಳು. ಏನು ಮಾಡುವುದು ಎಂದು ಇಬ್ಬರಿಗೂ ಗೊತ್ತಿರಲಿಲ್ಲ. ತಾಯಿ ಮೆಲ್ಲಗೆ ತೋಳು ಬಿಡಿಸಿಕೊಂಡು, "ನೀವು ಮಾಡಿದ್ದು ಸಾಕು ಅಕ್ಕ" ಎಂದಳು. ಕೃತಜ್ಞತೆಯೋ ಚುಚ್ಚುಮಾತೋ ಎಂದು ಮೇಡಂಗೆ ಇವತ್ತಿಗೂ ತಿಳಿಯದು.

ಆ ವರ್ಷದ ಕೊನೆಗೆ ಸಂಸ್ಥೆಯವರು ಎರಡನೇ ಸುತ್ತು ನಡೆಸಿದರು. ಉಳಿದ ಕೇಂದ್ರಗಳಿಗೆಲ್ಲ ಮತ್ತೆ ಹೋಗಿ ಅಂಕ ಕೊಟ್ಟರು. ದೊಡ್ಡ ಸಭೆಯಲ್ಲಿ ಪರದೆಯ ಮೇಲೆ ಗೆರೆಯೊಂದು ಮೇಲಕ್ಕೆ ಹತ್ತುವುದು ಕಾಣಿಸಿತು. ಮಕ್ಕಳ ಆರೈಕೆಯ ಗುಣಮಟ್ಟದ ಸರಾಸರಿ ಏರಿದೆ ಎಂದು ಇಲಾಖೆಯ ಅಧಿಕಾರಿಣಿ ಹೇಳಿದಳು, ಜನ ಚಪ್ಪಾಳೆ ತಟ್ಟಿದರು. ಸರ್ ತಟ್ಟಲಿಲ್ಲ. ಮೇಡಂ ಎದ್ದು ನಿಂತಳು. ಮುಂದಿನ ಕುರ್ಚಿ ಹಿಡಿದುಕೊಂಡಳು.

"ಕಡಿಮೆ ಇದ್ದೋರನ್ನ ತೆಗೆದುಹಾಕಿದ್ದಕ್ಕೆ ಸರಾಸರಿ ಏರಿದೆ. ಆ ಮಕ್ಕಳು ಈಗ ಎಲ್ಲಿದ್ದಾರೆ ಅಂತ ಯಾರಾದ್ರೂ ನೋಡಿದ್ದೀರಾ?"

ಅವರು ಈ ಅಧ್ಯಯನದ ವ್ಯಾಪ್ತಿಯಲ್ಲಿಲ್ಲ ಎಂದು ಅಧಿಕಾರಿಣಿ ಸಮಾಧಾನವಾಗಿಯೇ ಹೇಳಿದಳು, ಒಳ್ಳೆಯ ಪ್ರಶ್ನೆ ಎಂದೂ ಸೇರಿಸಿದಳು. ಆಮೇಲೆ ಮುಂದಿನವರು ಮಾತಾಡಿದರು. ಮರುದಿನ ಸರ್ ಆಕೆಯನ್ನು ಕರೆದು, ಆ ಮಕ್ಕಳನ್ನು ಹುಡುಕುವ ಅಧ್ಯಯನಕ್ಕೆ ಅರ್ಜಿ ಹಾಕಿದ್ದೇನೆ, ಆಸೆ ಇಟ್ಟುಕೊಳ್ಳಬೇಡ ಎಂದರು. ಆಸೆ ಇಟ್ಟುಕೊಳ್ಳದ್ದು ಒಳ್ಳೆಯದೇ ಆಯಿತು, ಅರ್ಜಿ ವಾಪಸ್ಸು ಬಂತು.

ಕೆಲಸ ಬಿಡುವಂತಿರಲಿಲ್ಲ, ಅಮ್ಮ ಹಾಸಿಗೆ ಹಿಡಿದಿದ್ದಳು. ಹಗಲು ಅಮ್ಮನನ್ನು ನೋಡಿಕೊಳ್ಳಲು ಒಬ್ಬರು ಬೇಕಾದಾಗ ಮೇಡಂ ದೊಡ್ಡಮ್ಮನನ್ನು ಹುಡುಕಿಕೊಂಡು ಹೋಗಿ ಕೇಳಿದಳು. ದೊಡ್ಡಮ್ಮ ಬಂದಳು. ಹಳೆಯದನ್ನು ಎತ್ತಲಿಲ್ಲ. ಅಮ್ಮನನ್ನು ತೊಳೆದು, ಒರೆಸಿ, ಮಗ್ಗುಲು ಬದಲಾಯಿಸಿ, ಸದ್ದಿಲ್ಲದೆ ಕೂರುತ್ತಿದ್ದಳು. ಮಕ್ಕಳಿಲ್ಲದ ಕೋಣೆಯಲ್ಲಿ ಕೈ ಎಲ್ಲಿಡಬೇಕೆಂದೇ ಆಕೆಗೆ ತಿಳಿಯುತ್ತಿರಲಿಲ್ಲ.

ರಜೆಯ ದಿನಗಳಲ್ಲಿ ಮೇಡಂ ಒಬ್ಬಳೇ ಮಕ್ಕಳನ್ನು ಹುಡುಕುತ್ತ ಹೋದಳು. ಕೆಲವರು ಸಿಕ್ಕರು, ಎಷ್ಟೋ ಮನೆಗಳಲ್ಲಿ ಬೇರೆ ಬಾಡಿಗೆಯವರಿದ್ದರು. ಒಂದು ಸಂಜೆ ಕಾರ್ಖಾನೆಯ ಗೇಟಿನಲ್ಲಿ ಕಾದು ನಿಂತು ಬಟನ್‌ಳ ತಾಯಿಯನ್ನು ಹಿಡಿದಳು. ಅವಳು ಸೊರಗಿದ್ದಳು. ಮಗು ಹೇಗಿದ್ದಾಳೆ, ಮಾತಾಡುತ್ತಾಳೆಯೇ ಎಂದು ಕೇಳಿದಾಗ ಅವಳು ಕೈಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಳು.

"ಫೋನ್ ಕಿವಿಗಿಟ್ರೆ ಉಸಿರು ಕೇಳಿಸುತ್ತೆ ಅಕ್ಕ. ಮಾತಿಲ್ಲ. ಕರೆದ್ರೆ ತಿರುಗಿ ನೋಡ್ತಾಳಂತೆ, ಅಷ್ಟು ಹೇಳಿದ್ರು ಚಿಕ್ಕತ್ತೆ."

ಇಬ್ಬರೂ ಬಸ್ ಸ್ಟಾಪಿನವರೆಗೆ ಒಟ್ಟಿಗೆ ನಡೆದರು. ಬಸ್ಸು ತುಂಬಿ ಬಂತು. ತಾಯಿ ಜನರ ನಡುವೆ ಹೇಗೋ ನುಗ್ಗಿ ಹತ್ತಿಕೊಂಡಳು. ಮೇಡಂ ಮುಂದಿನ ಬಸ್ಸಿಗೆ ಕಾದು ನಿಂತಳು.