ಆಳ ತೋರಿಸುವ ಸೆನ್ಸರ್ ಬಿಚ್ಚಿದ ದಿನ

ಮೈಸೂರಿನವರ ಹತ್ತಿರ ಹಾಯಿದೋಣಿ ಇದೆ ಎಂದರೆ ಜನ ಮೊದಲು ನಗುತ್ತಾರೆ. ನಗಲಿ. ಕಡಲಿಲ್ಲದ ಊರಿನಲ್ಲಿ ನಮ್ಮಣ್ಣನಿಗೆ ಆ ಹುಚ್ಚು ಹಿಡಿದಿತ್ತು. ಭಾನುವಾರ ಬಂತೆಂದರೆ ಹಿನ್ನೀರಿಗೆ ಹೋಗಿ ಹಾಯಿ ಬಿಚ್ಚುತ್ತಿದ್ದ. ಸತ್ತದ್ದೂ ಅಲ್ಲೇ. ದೋಣಿಯಿಂದ ತಲೆ ಮುಂದಾಗಿ ಧುಮುಕಿದ. ಕೆಳಗೆ ಬಂಡೆಯಿತ್ತು, ನೀರು ನಾಲ್ಕಡಿ ಮಾತ್ರ. ಚುಕ್ಕಾಣಿ ಹಿಡಿದು ಹಿಂದೆ ಕೂತಿದ್ದವನು ನಾನು.

ಧುಮುಕುವ ಮುಂಚೆ ಅವನು ಆಳದ ಮೀಟರಿನ ಕಡೆ ಬಗ್ಗಿ ನೋಡಿದ್ದನ್ನು ಕಂಡಿದ್ದೆ. ಅದನ್ನು ನೋಡದೆ ನೀರಿಗೆ ಕಾಲು ಕೂಡ ಇಳಿಬಿಡುವವನಲ್ಲ. ನಾನು ಕೂತಲ್ಲಿಗೆ ಅಂಕಿ ಕಾಣುತ್ತಿರಲಿಲ್ಲ. ಈಗಲೂ ಕನಸಿನಲ್ಲಿ ಬಂದು ಅದನ್ನೇ ಓದುತ್ತಾನೆ. ಎಷ್ಟು ಎಂದು ಕೇಳಿದರೆ ಹೇಳುವುದಿಲ್ಲ.

ಹನ್ನೊಂದನೆಯ ದಿನ ಅತ್ತಿಗೆ ನನ್ನನ್ನು ಹಿತ್ತಲಿಗೆ ಕರೆದು, "ಅವರು ಬೇಕಂತ ಹಾರಿದ್ದಲ್ಲ ತಾನೆ?" ಎಂದು ಕೇಳಿದರು. ಆಗ ನನ್ನ ತಪ್ಪು ಒಪ್ಪಿಕೊಂಡೆ. ಆ ವರ್ಷದ ಆಯುಧಪೂಜೆಗೆ ಕಾರು, ಸ್ಕೂಟರಿಗೆ ವಿಭೂತಿ ಬಳಿದ ಹಾಗೆ ದೋಣಿಗೂ ಬಳಿದಿದ್ದೆ. ನೀರಿನಲ್ಲಿ ವಿಭೂತಿ ನಿಲ್ಲುತ್ತದೆಯೇ? ಅದಕ್ಕೇ ಮಹಾ ಜಾಣನಂತೆ ಬಿಳಿ ಆಯಿಲ್ ಪೇಂಟಿನಲ್ಲಿ ಮೂರು ಪಟ್ಟೆ ಎಳೆದೆ. ಎಳೆದದ್ದು ದೋಣಿಯ ತಳದಲ್ಲಿ, ಆಳ ಅಳೆಯುವ ಸೆನ್ಸರಿನ ಮುಖದ ಮೇಲೇ. ಬಣ್ಣ ಅಡ್ಡ ಬಂದು ಮೀಟರ್ ತಪ್ಪು ತೋರಿಸಿರಬೇಕು ಎಂದೆ. ಅತ್ತಿಗೆ ಒಂದು ವರ್ಷ ನನ್ನ ಜೊತೆ ಮಾತು ಬಿಟ್ಟರು. ಆದರೆ ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ದೋಣಿ ನಾಲ್ಕು ವರ್ಷ ಕಡಕೊಳದ ಒಂದು ಶೆಡ್ಡಿನಲ್ಲಿ ಧೂಳು ತಿನ್ನುತ್ತಾ ನಿಂತಿತ್ತು. ಈಚೆಗೆ ಅತ್ತಿಗೆಯೇ, "ನೀರಿಗೆ ಬಿಡೋಣ. ಆದರೆ ಆ ಹಾಳು ಸೆನ್ಸರ್ ಅದರಲ್ಲಿ ಇರಬಾರದು," ಎಂದರು. ಒಂದು ಬೆಳಿಗ್ಗೆ ಇಬ್ಬರೂ ಹೋದೆವು.

ಒಳಗಿನ ನಟ್ಟು ಹಠ ಹಿಡಿದಿತ್ತು. ಎಣ್ಣೆ ಬಿಟ್ಟು, ಬಿಸಿ ಮಾಡಿ, ನನಗೆ ಬರುವ ಬೈಗುಳವನ್ನೆಲ್ಲ ಬೈದ ಮೇಲೆ ತಿರುಗಿತು. ಮರದ ತುಂಡಿಟ್ಟು ಮೇಲಿನಿಂದ ಬಡಿದಾಗ ಸೆನ್ಸರ್ ಕೆಳಕ್ಕೆ ಜಾರಿತು. ದೋಣಿಯ ತಳದಲ್ಲಿ ಮುಷ್ಟಿಗಾತ್ರದ ತೂತು ಉಳಿಯಿತು. ಅದರೊಳಗಿಂದ ಯಾರೋ ನನ್ನನ್ನು ನೋಡುತ್ತಿದ್ದಾರೆ ಅನ್ನಿಸಿತು. ಇಣುಕಿದರೆ ಶೆಡ್ಡಿನ ನೆಲ, ಅಷ್ಟೇ. ಸೆನ್ಸರಿನ ಮುಖದಲ್ಲಿ ನನ್ನ ಮೂರು ಪಟ್ಟೆಗಳು ಹಾಗೇ ಇದ್ದವು.

ಅತ್ತಿಗೆ ತಿಂಡಿ ತರಲು ಹೋಟೆಲಿಗೆ ಹೋದರು. ಆ ಸೆನ್ಸರ್ ಎಷ್ಟು ಸುಳ್ಳು ಹೇಳುತ್ತದೋ ಕಣ್ಣಾರೆ ನೋಡಿಬಿಡಬೇಕು ಎಂಬ ಹಟ ನನಗೆ ಬಂತು. ಮೀಟರನ್ನೂ ಬ್ಯಾಟರಿಯನ್ನೂ ಹೊತ್ತು ಶೆಡ್ಡಿನ ಹಿಂದಿನ ಬಾವಿಗೆ ಹೋದೆ. ಕಲ್ಲು ಕಟ್ಟಿದ ಹಗ್ಗ ಇಳಿಸಿ ಅಳೆದರೆ ಮೂರು ಮಾರು, ಅಂದರೆ ಹದಿನೆಂಟು ಅಡಿ ನೀರು. ಸೆನ್ಸರ್ ಇಳಿಸಿದೆ. ಮೀಟರ್ ಹದಿನೆಂಟು ಅಡಿ ತೋರಿಸಿತು. ಮುಳುಗಿದ್ದ ಮೆಟ್ಟಿಲಿನ ಮೇಲಕ್ಕೆ ಸರಿಸಿದೆ. ನಾಲ್ಕು ಎಂದಿತು. ಅಲ್ಲಿಯೂ ಹಗ್ಗ ಇಳಿಸಿದೆ. ನಾಲ್ಕೇ.

ಮೊದಲು ನನಗಾದದ್ದು ನೆಮ್ಮದಿ. ಹೇಳಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಅದೇ. ನಾನು ಅಣ್ಣನನ್ನು ಕೊಂದಿರಲಿಲ್ಲ. ಮರುಕ್ಷಣವೇ ಇನ್ನೊಂದು ಹೊಳೆಯಿತು. ಮೀಟರ್ ಅವನಿಗೂ ನಾಲ್ಕು ಎಂದೇ ಹೇಳಿತ್ತು. ಅವನು ಓದಿದ್ದ. ಓದಿ, ಕನ್ನಡಕ ತೆಗೆದು ಒರೆಸಿ, ಡಬ್ಬಿಯಲ್ಲಿಟ್ಟು ಆಮೇಲೆ ಹಾರಿದ್ದ. ಏನಾಗಿತ್ತು ಅವನಿಗೆ? ಎರಡು ಮಾರು ದೂರದಲ್ಲಿ ಕೂತಿದ್ದ ನನಗೆ ಯಾಕೆ ತಿಳಿಯಲಿಲ್ಲ?

ಹಿಂದೆ ಹೆಜ್ಜೆ ಸಪ್ಪಳವಾಯಿತು. ಇಡ್ಲಿ ಪೊಟ್ಟಣ ಹಿಡಿದು ಅತ್ತಿಗೆ ನಿಂತಿದ್ದರು. ಬ್ಯಾಟರಿಯ ವೈರು ಕಿತ್ತೆ, ಅಂಕಿ ಆರಿತು.

"ಏನಂತು ಅದು?"

"ಇಪ್ಪತ್ತು ಅಂತು, ಅತ್ತಿಗೆ. ನಾಲ್ಕಡಿ ನೀರಿಗೆ ಇಪ್ಪತ್ತು. ಬಣ್ಣದಿಂದಾನೇ."

"ಹಂಗಾದ್ರೆ ಅವರಿಗೆ ಗೊತ್ತಿರ್ಲಿಲ್ಲ."

"ಗೊತ್ತಿರ್ಲಿಲ್ಲ."

ಅವರು ಬಾವಿಕಟ್ಟೆಯ ಮೇಲೆ ಕೂತು, ಸೆರಗು ಬಾಯಿಗಿಟ್ಟುಕೊಂಡು ಅತ್ತರು. ಆಮೇಲೆ ಮುಖ ಒರೆಸಿಕೊಂಡು ನನ್ನನ್ನು ನೋಡಿದರು.

"ನಾಲ್ಕು ವರ್ಷದಿಂದ ನೋಡ್ತಿದೀನಿ ಕಣಪ್ಪ. ನಿನ್ನ ಕ್ಷಮಿಸಿಬುಡೋಣ ಅಂತ. ಆಗ್ತಾನೇ ಇಲ್ಲ."

"ಪರವಾಗಿಲ್ಲ ಬುಡಿ, ಅತ್ತಿಗೆ," ಎಂದೆ.